ಹುಡುಗಿ ಸುಮ್ಮನಾದಾಗ ಯಾರು ಕೇಳತಾರ?

ಬಾಗಲಕೋಟೆ: ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹತ್ತುವವರಿಗೆಲ್ಲ ಈ ನೋಟ ಗೊತ್ತು. ಹುನಗುಂದದ ಕಡೆಯಿರಲಿ, ಬಾದಾಮಿ ರಸ್ತೆಯಿರಲಿ, ಪಾಟಿಚೀಲ ಹಾಕಿಕೊಂಡ ಹುಡುಗಿಯರು ಗುಂಪಾಗಿ ನಿಂತು ಗಲಗಲ ಮಾತಾಡುತ್ತಿರುತ್ತಾರೆ. ಒಬ್ಬಾಕಿ ಮಾತ್ರ ಸುಮ್ಮನೆ ಕಂಬಿ ಹಿಡಿದು ಹೊರಗೆ ನೋಡುತ್ತಿರುತ್ತಾಳೆ. ಹದಿನೈದು ದಿನ ಬಿಟ್ಟು ನೋಡಿದರೆ ಆಕೆ ಗುಂಪಿನಲ್ಲಿ ಇರುವುದಿಲ್ಲ. ಎಲ್ಲಿ ಹೋದಳು ಅಂತ ನಾವೂ ಕೇಳುವುದಿಲ್ಲ. ನಮಗೆ ನಿಲ್ಲಲು ಜಾಗ ಸಿಕ್ಕಿತಲ್ಲ, ಸಾಕು.

ಸಾಲಿ ಬಿಡುವ ಹುಡುಗಿ ಒಂದೇ ದಿನಕ್ಕೆ ಬಿಡುವುದಿಲ್ಲ. ಮೊದಲು ಮಾತು ಬಿಡುತ್ತಾಳೆ. ಮನೆಯಲ್ಲಿ ಅದಕ್ಕೆ "ದೊಡ್ಡಾಕಿ ಆದಳು, ಗಂಭೀರ ಆದಳು" ಅನ್ನುತ್ತಾರೆ. ಸಾಲ್ಯಾಗ "ಅಭ್ಯಾಸದಾಗ ಲಕ್ಷ್ಯ ಇಲ್ಲ" ಅನ್ನುತ್ತಾರೆ. ಹುಡುಗಿಗೆ ಏನಾಗಿದೆ ಅಂತ ಮಾತ್ರ ಇಬ್ಬರೂ ಕೇಳುವುದಿಲ್ಲ.

ಇಳಕಲ್ಲಿನ ಮಗ್ಗದ ಮನೆ ತಗೊಳ್ಳಿ. ಅಪ್ಪ ಕುಣಿಮಗ್ಗದಾಗ ಕೂತರೆ ಕಂಡಿಕಿ ಸುತ್ತುವ ಕೆಲಸ ಅವ್ವನದು, ಇಲ್ಲವೇ ಮಗಳದು. ತಪ್ಪು ಅಂತಲ್ಲ, ಮನೆತನದ ಕಸುಬು, ಅದರಿಂದಲೇ ರೊಟ್ಟಿ. ಆದರೆ ಸಾಲಿಯಿಂದ ಬಂದಾಕಿಗೆ ಕಂಡಿಕಿ, ಕಸ, ಮುಸುರಿ, ತಮ್ಮನ ಜೋಪಾನ ಎಲ್ಲ ಕಾದಿದ್ದರೆ ಮನಸಿನ ಮಾತು ಆಡಲು ಹೊತ್ತು ಯಾವುದು? ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳ ಕತೆ ಇನ್ನೊಂದು. ಮಳೆ ಕೈಕೊಟ್ಟ ವರ್ಷ ತಂದೆ-ತಾಯಿ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುತ್ತಾರೆ. ಹುಡುಗಿ ಅಜ್ಜಿಯ ಹತ್ತಿರ ಉಳಿಯುತ್ತಾಳೆ. ಹದಿಮೂರಕ್ಕೇ ಒಲೆಯ ಯಜಮಾನಿ.

ಇದು ಬರೀ ಕಟ್ಟೆ ಹರಟೆಯಲ್ಲ. ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟ್ ನಮ್ಮ ಜಿಲ್ಲೆಯಲ್ಲೂ ವಿಜಯಪುರ ಜಿಲ್ಲೆಯಲ್ಲೂ "ಸಮತಾ" ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ 12-13 ವಯಸ್ಸಿನ ಹುಡುಗಿಯರ ಪಾಡನ್ನು 2014ರಿಂದ 2017ರ ತನಕ 80 ಹಳ್ಳಿಗಳಲ್ಲಿ ನೋಡಲಾಯಿತು. 40 ಹಳ್ಳಿಗಳಲ್ಲಿ ಹುಡುಗಿಯರ ಗುಂಪು ಕಟ್ಟಿ, ಮನೆಯವರು, ಗಂಡುಹುಡುಗರು, ಸಾಲಿ ಸಮಿತಿಯವರ ಜೊತೆಗೂ ಕೆಲಸ ಮಾಡಿದರು. ಉಳಿದ 40ರಲ್ಲಿ ಅದು ಇರಲಿಲ್ಲ. ಕಡೆಗೆ ಲೆಕ್ಕ ಹಾಕಿದರೆ, ಸಾಲಿ ಮುಗಿಸುವುದರಲ್ಲಾಗಲಿ ಲಗ್ನದಲ್ಲಾಗಲಿ ಎರಡೂ ಕಡೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. 15-16ರ ಹೊತ್ತಿಗೆ ಸುಮಾರು ನಾಲ್ವರಲ್ಲಿ ಒಬ್ಬಾಕಿ ಸಾಲಿ ಬಿಟ್ಟಿದ್ದಳು. ಹತ್ತರಲ್ಲಿ ಒಬ್ಬಾಕಿಗೆ ಲಗ್ನವಾಗಿತ್ತು.

ಮೂವರು ಉಳಿದರಲ್ಲ ಅಂತ ಸಮಾಧಾನ ಪಡೋಣ. ಆದರೆ ಆ ನಾಲ್ಕನೆಯಾಕೆ? ಆಕೆಯ ದುಃಖ ಹೊರಗಿನವರು ಬಂದು ಹೇಳಿದರಷ್ಟಕ್ಕೇ ತೀರುವುದಲ್ಲ, ದಿನಾ ಕಣ್ಣಿಗೆ ಬೀಳುವವರೇ ನೋಡಬೇಕು ಅಂತ ನಮ್ಮ ಎಣಿಕೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕೊಂಡಿ ಹಾಕಿ ಕೂಡಿಸಬೇಕು. ಹುಡುಗಿಯರ ಓದು ಕಡಿಯುವುದೂ ಇಂಥ ಜೋಡಣೆಯಲ್ಲೇ. ಊರ ಸಾಲಿ ಏಳನೇ ಇಯತ್ತೆಗೆ ಮುಗಿದು ಎಂಟಕ್ಕೆ ಬೇರೆ ಊರಿಗೆ ಹೋಗುವಾಗ ಒಂದು. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಹತ್ತುವಾಗ ಇನ್ನೊಂದು. ಮೈನೆರೆಯುವುದು, ಗಂಡು ನೋಡುವ ಮಾತು, ದಾರಿಯಲ್ಲಿ ಪುಂಡರ ಕಾಟ, ಎಲ್ಲ ಇದೇ ವಯಸ್ಸಿಗೆ ಬಂದು ಬೀಳುತ್ತವೆ. ಕಾಟದ ವಿಷಯ ಮನೆಯಲ್ಲಿ ಹೇಳಿದರೆ ಸಾಲಿಯೇ ಬಂದ್ ಆದೀತು ಎಂಬ ಹೆದರಿಕೆ. ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಈ ಬರೆಯುವವನೂ ಪಿ.ಯು.ಸಿ. ನಡುವೆ ಬಿಟ್ಟವನೇ. ಬಿಟ್ಟ ಮೇಲೆ ಬೈದವರು ಬಹಳ ಮಂದಿ, ಬಿಡುವ ಮೊದಲು "ಏನಾಗೇತೋ ತಮ್ಮಾ?" ಅಂದವರು ಒಬ್ಬರಿಲ್ಲ. ಗಂಡುಮಗ, ಹೇಗೋ ದಾರಿ ಸಿಕ್ಕಿತು. ಹುಡುಗಿಗೆ ಸಿಗುವ ದಾರಿ ಅಕ್ಕಿಕಾಳಿನದು.

ಹಾಗಾದರೆ ನಾವು ಮಾಡುವುದೇನು? ಮಾಸ್ತರರು, ಅಕ್ಕೋರು ಸುಮ್ಮನಾದ ಹುಡುಗಿಯನ್ನು ತರಗತಿ ಮುಂದೆ ನಿಲ್ಲಿಸಿ ಕೇಳದೆ ಬೇರೆ ಕರೆದು ಕೇಳಲಿ. ಅಪ್ಪ ಅನ್ನಿಸಿಕೊಂಡವನು ವಾರಕ್ಕೊಮ್ಮೆಯಾದರೂ ಮಾರ್ಕು ಬಿಟ್ಟು ಬೇರೆ ಮಾತಾಡಲಿ. ಅಂಗಡಿಕಾರರೇ, ಪ್ಯಾಡು ಕೇಳಲು ಬಂದ ಹುಡುಗಿಯನ್ನು ನಾಲ್ಕು ಗಿರಾಕಿ ಹೋಗುವ ತನಕ ನಿಲ್ಲಿಸಬೇಡಿ. ನಿಮ್ಮ ಕಟ್ಟೆ ಮೇಲೆ ಕೂತು ಚೇಷ್ಟೆ ಮಾಡುವವರನ್ನು ಎಬ್ಬಿಸಿ ಕಳಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಟಿಕೀಟಿನ ಚಿಂತೆ ತಪ್ಪಿದೆ. ನೂಕುನುಗ್ಗಲ ಚಿಂತೆ ತಪ್ಪಿಲ್ಲ. ಯಾರಾದರೂ ಬೇಕಂತಲೇ ಮೈಮೇಲೆ ಬಿದ್ದರೆ ಕೂತವರು ಕಿಟಕಿ ಹೊರಗೆ ನೋಡಬಾರದು. "ಏ, ಈ ಕಡೆ ಸರಿಯಪಾ" ಅಂದರೂ ದೊಡ್ಡದು.

ಇನ್ನು ಕೆಲವು ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಹದಿನೆಂಟು ತುಂಬದ ಹುಡುಗಿಯ ಲಗ್ನ, 2006ರ ಕಾಯಿದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಂತೆ, ಲಗ್ನವೇ ಅಲ್ಲ.

ನಾಳೆ ಬಸ್ಸಿನಲ್ಲಿ ಗುಂಪು ಎಣಿಸಿ ನೋಡಿ. ಒಬ್ಬಾಕಿ ಕಡಿಮೆ ಕಂಡರೆ "ಯಾಕವ್ವಾ, ನಿಮ್ಮ ಗೆಳತಿ ಬಂದಿಲ್ಲ?" ಅಂತ ಕೇಳಿ. ಸಂಜೆಯೊಳಗೆ ಆ ಮಾತು ಆಕೆಯ ಮನೆ ಮುಟ್ಟುತ್ತದೆ. ತನ್ನನ್ನು ಕೇಳುವವರೊಬ್ಬರು ಇದ್ದಾರೆ ಅಂತ ಆಕೆಗೂ ತಿಳಿಯುತ್ತದೆ.