ಗ್ಯಾಸ್ಟ್ರಿಕ್ ಅಂದರೆ ಯಾವ ಗ್ಯಾಸ್ಟ್ರಿಕ್?

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಯಾವುದೇ ದವಾಖಾನೆಯ ಬೆಂಚಿನ ಮೇಲೆ ಬೆಳಿಗ್ಗೆ ಒಂದು ಗಂಟೆ ಕುಳಿತರೆ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಇಂಗ್ಲಿಷ್ ಶಬ್ದ ಯಾವುದು ಗೊತ್ತೇ? ಬಿ.ಪಿ. ಅಲ್ಲ, ಶುಗರ್ ಅಲ್ಲ, ಗ್ಯಾಸ್ಟ್ರಿಕ್. ‘ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗೇತ್ರಿ’ ಎಂದು ಒಬ್ಬರು ಹೇಳಿದರೆ ಎದೆಯುರಿ ಎಂದರ್ಥ. ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಹೊಟ್ಟೆಯುಬ್ಬರ, ಮತ್ತೊಬ್ಬರಿಗೆ ಹುಳಿತೇಗು, ಮಗದೊಬ್ಬರಿಗೆ ಮಲಬದ್ಧತೆ. ‘ಬೆನ್ನಾಗ ಗ್ಯಾಸ್ಟ್ರಿಕ್ ಹಿಡ್ಕೊಂಡೈತ್ರಿ’ ಎನ್ನುತ್ತಾ ಭುಜ ತೋರಿಸುವವರೂ ಉಂಟು. ಮನೆಯಲ್ಲಿ ಮನಸ್ತಾಪವಾಗಿ ಎರಡು ದಿನ ಅನ್ನ ಸೇರದಿದ್ದರೂ ಗ್ಯಾಸ್ಟ್ರಿಕ್ಕೇ. ನೆಂಟರ ಮನೆಯಲ್ಲಿ ಎರಡನೇ ಹೋಳಿಗೆ ಬಡಿಸಲು ಬಂದವರನ್ನು ನಯವಾಗಿ ತಡೆಯುವುದಕ್ಕೂ ಇದೇ ಶಬ್ದ.

ಇಂಗ್ಲಿಷಿನಲ್ಲಿ ಪಾಪ, ಈ ಪದಕ್ಕೆ ಇಷ್ಟೊಂದು ಹೊರೆ ಇಲ್ಲ. ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದ ಹುಟ್ಟಿದ ಈ ವಿಶೇಷಣಕ್ಕೆ ‘ಜಠರದ’ ಎಂದಷ್ಟೇ ಅರ್ಥ. ಗ್ಯಾಸ್ಟ್ರಿಕ್ ಜ್ಯೂಸ್ ಎಂದರೆ ಜಠರರಸ, ಗ್ಯಾಸ್ಟ್ರಿಕ್ ಅಲ್ಸರ್ ಎಂದರೆ ಜಠರದ ಹುಣ್ಣು. ಬರೀ ಗ್ಯಾಸ್ಟ್ರಿಕ್ ಎಂದರೆ ‘ನನಗೆ ಜಠರದ...’ ಎಂದು ಹೇಳಿ ಸುಮ್ಮನಾದಂತೆ. ಜಠರದ ಏನು ಎಂಬುದೇ ಅಲ್ಲವೇ ವೈದ್ಯನಿಗೆ ಬೇಕಾದದ್ದು! ಶಬ್ದದ ಮೊದಲಲ್ಲಿ ‘ಗ್ಯಾಸ್’ ಎಂದು ಕೇಳಿಸುವುದರಿಂದ ವಾಯುವಿಗೂ ಇದಕ್ಕೂ ನಮ್ಮಲ್ಲಿ ನಂಟು ಬೆಳೆಯಿತು. ನಿಜಕ್ಕೂ ಇವು ದಾಯಾದಿಗಳೂ ಅಲ್ಲ. ‘ಗ್ಯಾಸ್’ ಎಂಬುದನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ಫ್ಲೆಮಿಶ್ ವೈದ್ಯ, ಅಸ್ತವ್ಯಸ್ತ ಸ್ಥಿತಿಯನ್ನು ಸೂಚಿಸುವ ಬೇರೊಂದು ಗ್ರೀಕ್ ಪದದಿಂದ ಕಟ್ಟಿಕೊಂಡ.

ಹೊಟ್ಟೆಯಲ್ಲಿ ಗಾಳಿ ಇರುವುದು ಸುಳ್ಳಲ್ಲ. ಊಟದ ಜೊತೆ, ಸೋಡಾದ ಜೊತೆ ನುಂಗಿದ ಗಾಳಿ ತೇಗಾಗಿ ಮೇಲೆ ಬರುತ್ತದೆ. ಅವರೆ, ಕಡಲೆ, ಹುರುಳಿಗಳಲ್ಲಿ ಅರಗದೆ ಉಳಿದ ಅಂಶವನ್ನು ದೊಡ್ಡ ಕರುಳಿನ ಜೀವಾಣುಗಳು ಕೊಳೆಸಿದಾಗ ಹುಟ್ಟುವ ಗಾಳಿ ಕೆಳಗೆ ಹೋಗುತ್ತದೆ. ಅದಕ್ಕಿರುವುದು ಈ ಎರಡೇ ಬಾಗಿಲು. ಕರುಳಿನಿಂದ ಹೊರಟು ಮೊಣಕಾಲಿಗೋ ಬೆನ್ನಿಗೋ ಹೋಗಿ ಕೂರಲು ಅದಕ್ಕೆ ದಾರಿಯೇ ಇಲ್ಲ. ಬೆನ್ನು ಹಿಡಿದದ್ದು ಸಾಮಾನ್ಯವಾಗಿ ಸ್ನಾಯುವಿನ ನೋವು. ತಿಕ್ಕಿದಾಗ ತೇಗು ಬಂತೆಂದರೆ, ಗಮನವಿಟ್ಟು ಗಾಳಿ ನುಂಗಿ ನುಂಗಿ ಹೊರಹಾಕಿದ್ದೀರಿ, ಅಷ್ಟೇ.

ಎದೆಯುರಿಯ ಕಥೆ ಬೇರೆ. ಅನ್ನನಾಳದ ತಳದಲ್ಲಿರುವ ಬಿಗಿಯಾದ ಉಂಗುರ ಸಡಿಲಗೊಂಡು ಜಠರದ ಹುಳಿ ಮೇಲಕ್ಕೆ ಚಿಮ್ಮಿದರೆ ಉರಿ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಿಗೆ, ಬೊಜ್ಜಿನವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಇದು ಹೆಚ್ಚು. ಹುಣ್ಣಿನ ಕಾರಣ ಮತ್ತೂ ಬೇರೆ. ಖಾರ ತಿಂದೇ ಹುಣ್ಣಾಗುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಬಹಳಷ್ಟು ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣು ಇದೆಯೆಂದು ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಪಡೆದರು. 1984ರಲ್ಲಿ ಮಾರ್ಷಲ್ ಆ ಜೀವಾಣುವನ್ನು ಸ್ವತಃ ಕುಡಿದು ಜಠರದ ಉರಿಯೂತ ತರಿಸಿಕೊಂಡಿದ್ದ! ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳೂ ಹುಣ್ಣಿಗೆ ದೊಡ್ಡ ಕಾರಣ. ಮಂಡಕ್ಕಿ-ಮೆಣಸಿನಕಾಯಿಯನ್ನೊಂದೇ ಬೈಯುವುದು ನ್ಯಾಯವಲ್ಲ.

ಇಲ್ಲಿಯವರೆಗಿನದು ಅರ್ಧ ತಮಾಷೆಯ ಮಾತಾಯಿತು. ಈ ಶಬ್ದ ಜೀವಕ್ಕೆ ಎರವಾಗುವ ಒಂದು ಅರ್ಥವೂ ಇದೆ.

ಹರಿಹರದ ನಿವೃತ್ತ ಕಾರ್ಮಿಕರೊಬ್ಬರು, ವಯಸ್ಸು ಅರವತ್ತರ ಆಸುಪಾಸು, ಹತ್ತು ವರ್ಷದ ಸಕ್ಕರೆ ಕಾಯಿಲೆ. ರಾತ್ರಿ ಹನ್ನೊಂದಕ್ಕೆ ಎದೆಯ ಗುಳಿಯ ಹತ್ತಿರ ಹಿಂಡಿದಂತಾಗಿ ಬೆವರು ಕಿತ್ತು ಬಂತು. ಮನೆಯವರು ನಿಂಬೆ ಸೋಡಾ ಕೊಟ್ಟರು, ಜೀರಿಗೆ ಕಷಾಯ ಕೊಟ್ಟರು. ಎರಡು ತೇಗು ಬಂದು ಸ್ವಲ್ಪ ಹಗುರವೆನಿಸಿತು. ‘ಗ್ಯಾಸ್ಟ್ರಿಕ್ಕೇ ಬಿಡು’ ಎಂದು ಎಲ್ಲರೂ ಮಲಗಿದರು. ಬೆಳಿಗ್ಗೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು ನನ್ನ ಮುಂದೆ ಕುಳಿತು ಕೇಳಿದ್ದು ಗ್ಯಾಸ್ಟ್ರಿಕ್ ಮಾತ್ರೆ. ಇಸಿಜಿ ತೆಗೆದರೆ ಹೃದಯಾಘಾತ. ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಜೀವ ಉಳಿಯಿತು. ಆದರೆ ಆ ಹತ್ತು ಗಂಟೆಗಳಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬರಲಿಲ್ಲ. ಈಗ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ.

ಹೃದಯದ ನೋವು ಹೊಟ್ಟೆಯದೆಂದು ಏಕೆ ತೋರುತ್ತದೆ? ಹೃದಯದ ಕೆಳಭಾಗ ಕುಳಿತಿರುವುದೇ ವಪೆಯ ಮೇಲೆ, ಅದರ ಕೆಳಗೇ ಜಠರ. ಇವೆರಡರ ನೋವಿನ ನರಗಳು ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರದಲ್ಲೇ ಸೇರುವುದರಿಂದ ಮಿದುಳಿಗೂ ಗೊಂದಲ. ವಾಕರಿಕೆ, ತೇಗು ಹೃದಯಾಘಾತದಲ್ಲೂ ಬರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳಸುವಿಕೆಯಾಗಿ ಕಾಣಿಸಿಕೊಳ್ಳುವುದುಂಟು. ಸೋಡಾ ಕುಡಿದು, ಆಮ್ಲನಾಶಕ ಔಷಧ ಕುಡಿದು ಹಾಯೆನಿಸಿತು ಎಂಬುದು ಹೃದಯ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ದಯವಿಟ್ಟು ಈ ವಾಕ್ಯವನ್ನು ಮನೆಯವರಿಗೂ ಓದಿ ಹೇಳಿ.

ನಡೆದಾಗ ಬಂದು ನಿಂತಾಗ ಹೋಗುವ ಉರಿ, ಬೆವರಿನೊಂದಿಗೆ ಬರುವ ಭಾರ, ದವಡೆಗೋ ಕೈಗೋ ಹರಿಯುವ ನೋವು, ಇಷ್ಟು ವರ್ಷ ಇಲ್ಲದೆ ಹೊಸದಾಗಿ ಶುರುವಾದ ‘ಗ್ಯಾಸ್ಟ್ರಿಕ್’: ಇಂಥವಕ್ಕೆ ಬೆಳಗಾಗುವ ತನಕ ಕಾಯಬಾರದು. 108ಕ್ಕೆ ಫೋನ್ ಮಾಡಿ. ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಹರಿಹರದವರು ದಾವಣಗೆರೆಯೇ ಬೇಕೆಂದು ಮುಂಜಾನೆಯ ಬಸ್ಸಿಗೆ ಕಾಯುವುದು ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಆ ಮದ್ದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ; 12 ಗಂಟೆ ದಾಟಿದರೆ ಪ್ರಯೋಜನ ಬಹಳ ಕಡಿಮೆ. ಮೊದಲ ಇಸಿಜಿ ಸರಿಯಿದ್ದರೂ ವೈದ್ಯರು ಇನ್ನೊಂದು ತೆಗೆಯೋಣ, ರಕ್ತ ಪರೀಕ್ಷೆ ಮಾಡೋಣ ಎಂದರೆ ಅದನ್ನು ದುಡ್ಡಿನಾಸೆ ಎಂದುಕೊಳ್ಳಬೇಡಿ.

ಇನ್ನು ಮಾತ್ರೆಯ ವಿಷಯ. ಬೆಳಿಗ್ಗೆ ಹಲ್ಲುಜ್ಜಿದಷ್ಟೇ ನಿಯಮದಿಂದ ವರ್ಷಗಟ್ಟಲೆ ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್ ನುಂಗುವವರಿದ್ದಾರೆ. ಒಳ್ಳೆಯ ಔಷಧಗಳೇ; ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಆದರೆ ಬಹುಕಾಲ ಸೇವಿಸಿದರೆ ಬಿ12 ಜೀವಸತ್ವ, ಮೆಗ್ನೀಸಿಯಂ ಕಡಿಮೆಯಾಗಬಹುದು. ಥಟ್ಟನೆ ಬಿಟ್ಟರೆ ಕೆಲವು ವಾರ ಹುಳಿ ಇಮ್ಮಡಿಸಿ, ‘ನೋಡಿ, ಬಿಟ್ಟರೆ ಆಗೋದೇ ಇಲ್ಲ’ ಎನಿಸುತ್ತದೆ. ವೈದ್ಯರ ಸಲಹೆಯಂತೆ ಮೆಲ್ಲನೆ ಇಳಿಸಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ನುಂಗಲು ತಡೆಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಡಿಮೆಯಾದರೆ ಮಾತ್ರೆಯಲ್ಲಿ ಕಾಲ ಕಳೆಯದೆ ಎಂಡೋಸ್ಕೋಪಿ ಮಾಡಿಸಬೇಕು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಗಂಟೆಗಟ್ಟಲೆ ನೋವು ಬರುವವರದು ಪಿತ್ತಕೋಶದ ಕಲ್ಲಿರಬಹುದು, ಸ್ಕ್ಯಾನ್ ಸಾಕು.

ಮುಂದಿನ ಸಲ ದವಾಖಾನೆಗೆ ಬಂದಾಗ ಗ್ಯಾಸ್ಟ್ರಿಕ್ ಎನ್ನದೆ ಉರಿಯೋ, ಉಬ್ಬರವೋ, ಹಿಂಡುವುದೋ, ಎಲ್ಲಿ, ಯಾವಾಗ ಎಂದು ನಮ್ಮ ಕನ್ನಡದಲ್ಲೇ ಹೇಳಿ. ಅಂದ ಹಾಗೆ, ಬೆಣ್ಣೆದೋಸೆ ಬಿಡಬೇಕೇ ಎಂದು ಕೇಳುವವರಿಗೆ: ಎದೆಯುರಿ ಇರುವವರು ಬೆಳಿಗ್ಗೆ ಒಂದು ತಿನ್ನಿ, ರಾತ್ರಿ ತಿಂದು ಮಲಗಬೇಡಿ. ಕೊಲೆಸ್ಟರಾಲ್ ಹೆಚ್ಚಿರುವವರ ಲೆಕ್ಕ ಬೇರೆ, ಅದು ಮುಂದಿನ ವಾರಕ್ಕಿರಲಿ.