ಕಪ್ಪು ಬಂಪರಿಗೆ ಕಾರಿನ ಬಣ್ಣ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ದಾಟಿ ಒಳಗಲ್ಲಿಗೆ ತಿರುಗಿದರೆ ಮೊದಲು ಎದುರಾಗುವುದು ತಿನ್ನರಿನ ಘಾಟು, ಆಮೇಲೆ ಕಂಪ್ರೆಸರಿನ ಗುಡುಗುಡು, ಅದರ ನಡುವೆ ಎಡೆಬಿಡದೆ ವಾಟರ್ ಪೇಪರ್ ಉಜ್ಜುವ ಸರಸರ. ತಗಡಿನ ಶೆಡ್ಡಿನಲ್ಲಿ ಬೆಳ್ಳಿಬಣ್ಣದ ಹಳೆಯ ಕಾರೊಂದು ಬಂಪರ್ ಕಳಚಿಕೊಂಡು ಬೋಳಾಗಿ ನಿಂತಿದೆ. ಕಡಿಮೆ ಬೆಲೆಯ ಮಾಡೆಲ್ಲು. ಬಂಪರ್, ಕನ್ನಡಿ, ಬಾಗಿಲ ಹ್ಯಾಂಡಲ್ಲುಗಳನ್ನು ಕಂಪನಿ ಕಪ್ಪಾಗಿಯೇ ಬಿಟ್ಟಿತ್ತು. ಬಿಸಿಲು ತಿಂದು ಆ ಕಪ್ಪೂ ಈಗ ಬೂದಿಗೆ ತಿರುಗಿದೆ. ಮೇಲಿನ ಮಾಡೆಲ್ಲಿನ ಹಾಗೆ ಎಲ್ಲ ಒಂದೇ ಬಣ್ಣ ಆಗಬೇಕೆಂದು ಮಾಲೀಕರ ಆಸೆ.

ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು, ಬಂಪರನ್ನು ಮಂಡಿಗೆ ಆನಿಸಿಕೊಂಡು, ಸೋಪಿನ ನೀರು ಚಿಮುಕಿಸುತ್ತ ಉಜ್ಜುತ್ತಿದ್ದಾನೆ. ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ತರಿ ಸವೆದು ನುಣುಪಾಗಬೇಕು. ಹಿಂದೆಂದೋ ಬಳಿದ ಸಿಲಿಕಾನ್ ಪಾಲಿಶಿನ ಜಿಡ್ಡು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಬಣ್ಣ ಅಲ್ಲಲ್ಲಿ ಸರಿದು ಕುಳಿ ಬೀಳುತ್ತದೆ. ಬಂಪರಿನ ಒಳಮೈಯಲ್ಲಿ ‘ಪಿಪಿ’ ಎಂಬ ಅಚ್ಚಿದೆ. ಪಾಲಿಪ್ರೊಪಿಲೀನ್, ಬಣ್ಣವನ್ನು ಸುಲಭಕ್ಕೆ ಹತ್ತಿರ ಸೇರಿಸದ ಜಾತಿ. ಮೊದಲು ತೆಳುವಾಗಿ ಪ್ಲಾಸ್ಟಿಕ್ ಪ್ರೈಮರ್ ಹೊಡೆಯದಿದ್ದರೆ, ಮುಂದೊಂದು ದಿನ ವಾಟರ್ ಸರ್ವಿಸ್‌ನವನ ಪೈಪಿನ ರಭಸಕ್ಕೆ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದುಬರುತ್ತದೆ.

ಬಣ್ಣದ ಕೋಡ್ ಕಾರಿನ ಮೇಲೇ ಪುಟ್ಟ ಪಟ್ಟಿಯಲ್ಲಿ ಇರುತ್ತದೆ. ಅಂಗಡಿಯವರು ಅದನ್ನು ನೋಡಿ ಗ್ರಾಂ ಲೆಕ್ಕದಲ್ಲಿ ತೂಗಿ ಬೆರೆಸಿ ಕೊಡುತ್ತಾರೆ. ಆದರೆ ಡಬ್ಬಿಯ ಬಣ್ಣ ಹೊಸತು, ಕಾರಿನದು ಹಳತು. ಅದರಲ್ಲೂ ಬೆಳ್ಳಿಬಣ್ಣದಷ್ಟು ಸತಾಯಿಸುವುದು ಬೇರೊಂದಿಲ್ಲ. ಅದರೊಳಗಿನ ಅಲ್ಯುಮಿನಿಯಂ ಚೂರುಗಳು ಮಲಗುವ ಬಗೆಯ ಮೇಲೆ ಬಣ್ಣವೇ ಬದಲಾಗುತ್ತದೆ: ಹಸಿಯಾಗಿ ದಪ್ಪಕ್ಕೆ ಹೊಡೆದರೆ ಕಪ್ಪಿಡುತ್ತದೆ, ಒಣಒಣವಾಗಿ ಹೊಡೆದರೆ ಬೆಳ್ಳಗಾಗುತ್ತದೆ. ಮೇಸ್ತ್ರಿ ಒಂದು ರಟ್ಟಿನ ತುಂಡಿಗೆ ಹೊಡೆದು, ಒಣಗಿಸಿ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಲೇಪ ಕೊಟ್ಟು, ಕಾರನ್ನು ಹೊರಗೆ ತಳ್ಳಿಸಿ ಅದರ ಮೈಗೆ ಹಿಡಿಯುತ್ತಾರೆ. “ಟ್ಯೂಬ್‌ಲೈಟಲ್ಲಿ ಎಲ್ಲಾ ಮ್ಯಾಚೇ ಸಾರ್, ಬಿಸಿಲಲ್ಲಿ ನೋಡಿ.” ನೇರಕ್ಕೆ ಸರಿಯಿದೆ, ಓರೆಯಿಂದ ಕೊಂಚ ಗಾಢ. ಒಂದೆರಡು ಹನಿ ಸೇರಿಸಿ ಮತ್ತೆ ಕದಡುತ್ತಾರೆ.

ಆಮೇಲೆ ಗನ್ ಎತ್ತಿದರೆ ಮಾತಿಲ್ಲ. 15–20 ಸೆಂಟಿಮೀಟರ್ ದೂರ ಬಿಟ್ಟು, ಒಂದು ಪಟ್ಟೆಯ ಅರ್ಧ ಇನ್ನೊಂದರ ಮೇಲೆ ಬೀಳುವಂತೆ ಕೈ ಸರಿದಾಡುತ್ತದೆ. ಮಣಿಕಟ್ಟು ತಿರುಗುವುದಿಲ್ಲ, ಇಡೀ ತೋಳೇ ಚಲಿಸುತ್ತದೆ. ಕೊನೆಗೆ ಹಾರ್ಡನರ್ ಬೆರೆಸಿದ ಕ್ಲಿಯರ್ ಬಿದ್ದಾಗ ಹೊಳಪು ಬರುತ್ತದೆ.

ಬಂಪರಿನ ಕೆಳ ಅಂಚಿಗೆ ಮಾತ್ರ ಟೇಪ್ ಸುತ್ತಿದೆ. ಅದಕ್ಕೂ ಬಣ್ಣ ಬೇಕೆಂದು ಮಾಲೀಕರ ಹಟ. “ಬೇಡಿ ಸಾರ್, ಕಪ್ಪೇ ಇರಲಿ. ನಮ್ಮ ರೋಡ್ ಹಂಪಿಗೆ ತಿಂಗಳು ತಡೆಯಲ್ಲ” ಎನ್ನುತ್ತಾರೆ ಮೇಸ್ತ್ರಿ. ನನಗೂ ಅದೇ ಸರಿ ಅನಿಸಿತು.