ಸೂರ್ಯ ಕಳೆದುಕೊಂಡದ್ದರ ಲೆಕ್ಕ

ಸೂರ್ಯನ ಹೊರವಲಯದಿಂದ ಆಗಾಗ ಭಾರಿ ಮೋಡವೊಂದು ಕಳಚಿಕೊಂಡು ಹೊರಡುತ್ತದೆ. ಒಂದೊಂದರ ತೂಕ ನೂರು ಕೋಟಿ ಟನ್ನಿನ ಆಸುಪಾಸು, ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್. ಉಗ್ರವಾದವು ಎರಡು ಸಾವಿರವನ್ನೂ ದಾಟುತ್ತವೆ. ಇಷ್ಟು ದೊಡ್ಡ ಸ್ಫೋಟವನ್ನು ಮನುಷ್ಯ ಖಚಿತವಾಗಿ ಗುರುತಿಸಿದ್ದು 1971ರ ಡಿಸೆಂಬರಿನಲ್ಲಿ. ಅಮೆರಿಕದ ಓಎಸ್‌ಓ-7 ಉಪಗ್ರಹ ಕಳಿಸಿದ ಚಿತ್ರದಲ್ಲಿ ಒಂದು ಭಾಗ ಇದ್ದಕ್ಕಿದ್ದಂತೆ ಬೆಳಗಿತ್ತು. ಕ್ಯಾಮೆರಾ ಕೆಡುತ್ತಿದೆ ಎಂದುಕೊಂಡರು ಅದನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞ. ಮುಂದಿನ ಚಿತ್ರಗಳಲ್ಲಿ ಆ ಬೆಳಕು ಸೂರ್ಯನಿಂದ ದೂರ ದೂರ ಸರಿಯುತ್ತಾ ಹೋದಾಗ, ಕೆಟ್ಟಿದ್ದು ಕ್ಯಾಮೆರಾ ಅಲ್ಲವೆಂದು ಗೊತ್ತಾಯಿತು. ಇವತ್ತು ಅದಕ್ಕೆ ಸಿಎಂಇ (ಕರೋನಲ್ ಮಾಸ್ ಇಜೆಕ್ಷನ್) ಎಂದು ಹೆಸರು.

ಆದರೆ ಆ ಬಗೆಯ ಕ್ಯಾಮೆರಾಕ್ಕೆ ಒಂದು ಮಿತಿ ಇದೆ. ಸೂರ್ಯನ ಬಿಂಬದ ಪ್ರಖರತೆಯ ಮುಂದೆ ಅದರ ಸುತ್ತಲಿನ ಕರೋನಾ ಕಾಣುವುದೇ ಇಲ್ಲ. ಹಾಗಾಗಿ ಬಿಂಬಕ್ಕೆ ಒಂದು ತಟ್ಟೆ ಅಡ್ಡ ಇಟ್ಟು, ಗ್ರಹಣವನ್ನು ನಾವೇ ಮಾಡಿಕೊಳ್ಳಬೇಕು. ತಟ್ಟೆ ಬಿಂಬಕ್ಕಿಂತ ದೊಡ್ಡದು. ಮೋಡ ಹುಟ್ಟುವ ಜಾಗವೂ, ಅದರ ಮೊದಲ ಕೆಲವು ನಿಮಿಷಗಳೂ ಅದರ ಹಿಂದೆ ಮುಚ್ಚಿಹೋಗುತ್ತವೆ. ನೇರವಾಗಿ ನಮ್ಮ ಕಡೆಗೇ ಹೊರಟ ಮೋಡದ ಬುಡವಂತೂ ಪೂರ್ತಿ ಮರೆ. ನಮಗೆ ಹೆಚ್ಚು ಬೇಕಾದದ್ದು ಅದೇ.

ಈ ಮರೆಯನ್ನು ಸರಿಸುವ ದಾರಿ ಒಂದು ಹೊಲದಿಂದ ಸಿಕ್ಕಿತು. ಆ ಹೊಲ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ. ಅಲ್ಲಿಗೆ ಬರುವ ಮೊದಲು ಎರಡು ಹಳೆಯ ಸಂಗತಿ ಹೇಳಬೇಕು.

1942ರ ಫೆಬ್ರುವರಿ ಕೊನೆಯಲ್ಲಿ ಬ್ರಿಟಿಷ್ ಸೇನೆಯ ರೇಡಾರುಗಳಲ್ಲಿ ಗದ್ದಲ ತುಂಬಿಕೊಂಡಿತು. ಜರ್ಮನರು ಅಡ್ಡಿಪಡಿಸುತ್ತಿದ್ದಾರೆ ಎಂಬ ಅನುಮಾನವಿತ್ತು. ತನಿಖೆಗೆ ಇಳಿದ ವಿಜ್ಞಾನಿ ಜೆ.ಎಸ್. ಹೇ, ಗದ್ದಲ ಬರುತ್ತಿರುವ ದಿಕ್ಕು ಸೂರ್ಯನ ಜೊತೆಗೇ ತಿರುಗುತ್ತಿರುವುದನ್ನು ಗಮನಿಸಿದರು. ಆಗ ಬಿಂಬದ ಮೇಲೆ ದೊಡ್ಡ ಸೌರಕಲೆಯೊಂದಿತ್ತು. ಎರಡನೆಯದು ಆಸ್ಟ್ರೇಲಿಯಾದ ರೂಬಿ ಪೇನ್-ಸ್ಕಾಟ್ ಮತ್ತು ಸಂಗಡಿಗರದು. 1947ರ ಮಾರ್ಚ್ 8ರಂದು ಸೂರ್ಯನಿಂದ ಬಂದ ಅಬ್ಬರ ಅವರಿಗೆ ಮೊದಲು 200 ಮೆಗಾಹರ್ಟ್ಸಿನಲ್ಲಿ ಕೇಳಿಸಿತು, ಕೆಲವು ನಿಮಿಷ ಬಿಟ್ಟು 100ರಲ್ಲಿ, ಆಮೇಲೆ 60ರಲ್ಲಿ. ಏನೋ ಒಂದು ಸೂರ್ಯನಿಂದ ಮೇಲೇರುತ್ತಿದೆ ಎಂದು ಅವರು ತರ್ಕಿಸಿದರು. ಸಿಎಂಇ ಕಣ್ಣಿಗೆ ಬೀಳುವುದಕ್ಕೆ ಕಾಲು ಶತಮಾನ ಮುಂಚಿನ ಮಾತು ಇದು.

ತರ್ಕ ಹೀಗೆ. ಕರೋನಾ ಎಂದರೆ ಹತ್ತಾರು ಲಕ್ಷ ಡಿಗ್ರಿ ಶಾಖದ ಪ್ಲಾಸ್ಮಾ. ಅದರಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವೋ, ರೇಡಿಯೊ ಅಲೆಯ ಕಂಪನಸಂಖ್ಯೆ ಅಷ್ಟು ಹೆಚ್ಚು. ಮೇಲೆ ಹೋದಂತೆ ಎಲೆಕ್ಟ್ರಾನುಗಳು ವಿರಳವಾಗುತ್ತವೆ, ಕಂಪನ ಇಳಿಯುತ್ತದೆ. ಹಾಗಾಗಿ ಯಾವ ಕಂಪನಸಂಖ್ಯೆಗೆ ಕಿವಿಗೊಡುತ್ತೇವೆ ಎನ್ನುವುದೇ ಯಾವ ಎತ್ತರವನ್ನು ನೋಡುತ್ತೇವೆ ಎನ್ನುವುದನ್ನು ನಿಶ್ಚಯಿಸುತ್ತದೆ. ತಟ್ಟೆಯ ಅಗತ್ಯವೇ ಇಲ್ಲ. ಬಿಂಬದ ನೆತ್ತಿಯ ಮೇಲಿರುವ ಕರೋನಾ ಕೂಡ ಇಲ್ಲಿ ತೆರೆದೇ ಇರುತ್ತದೆ.

ಗೌರಿಬಿದನೂರಿನಲ್ಲಿ ಈ ಕೆಲಸ ಹಿಡಿದವರು ಸಿ.ಎಚ್.ವಿ. ಶಾಸ್ತ್ರಿ. ಕೊಡೈಕನಾಲಿನಲ್ಲಿ 25 ಮೆಗಾಹರ್ಟ್ಸಿನಲ್ಲಿ ಸೂರ್ಯನನ್ನು ಆಲಿಸಿ ಪಳಗಿದ್ದವರು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಎರಡೂ ಸೇರಿ 1976ರಲ್ಲಿ ಇಲ್ಲಿನ ರೇಡಿಯೊ ವೀಕ್ಷಣಾ ಕೇಂದ್ರವನ್ನು ಶುರುಮಾಡಿದವು. ಬೆಂಗಳೂರಿಂದ ಸುಮಾರು 100 ಕಿಲೋಮೀಟರ್ ದೂರ, ಸುತ್ತ ಗುಡ್ಡಗಳ ಅಡ್ಡ. ನಗರದ ರೇಡಿಯೊ ಗದ್ದಲ ಅಷ್ಟಾಗಿ ಮುಟ್ಟದ ಬಯಲು. ಮೊದಲ ದೂರದರ್ಶಕ 1000 ಡೈಪೋಲ್‌ಗಳದು: 640 ಪೂರ್ವ–ಪಶ್ಚಿಮದ ಸಾಲಿನಲ್ಲಿ, 360 ದಕ್ಷಿಣಕ್ಕೆ ಚಾಚಿದ ಸಾಲಿನಲ್ಲಿ. ಉದ್ದ ಸಾಲು ಸುಮಾರು 1.4 ಕಿಲೋಮೀಟರ್. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆ.  

ಸೂರ್ಯನಿಗೇ ಮೀಸಲಾದ ರೇಡಿಯೊಹೀಲಿಯೋಗ್ರಾಫ್ ಕೆಲಸ ಆರಂಭಿಸಿದ್ದು 1997ರಲ್ಲಿ. ಆರ್. ರಮೇಶ್, ಕೆ.ಆರ್. ಸುಬ್ರಮಣಿಯನ್, ಎಂ.ಎಸ್. ಸುಂದರರಾಜನ್ ಮತ್ತು ಶಾಸ್ತ್ರಿಯವರು ಸೇರಿ ಕಟ್ಟಿದ್ದು. ಇದರ ಒಂದು ಆಂಟೆನಾವನ್ನು ಹತ್ತಿರದಿಂದ ನೋಡಿದರೆ ನಮ್ಮ ಹಳೆಯ ಮನೆಗಳ ಮಾಳಿಗೆ ಮೇಲಿದ್ದ ಟಿವಿ ಆಂಟೆನಾದ ದೊಡ್ಡಣ್ಣ. ನಡುದಂಡದ ಎರಡು ಬದಿಗೂ ಲೋಹದ ಕಡ್ಡಿಗಳು, ಒಂದು ತುದಿಯಲ್ಲಿ ಗಿಡ್ಡ, ಇನ್ನೊಂದು ತುದಿಗೆ ಬರುಬರುತ್ತಾ ಉದ್ದ. ಗಿಡ್ಡ ಜೋಡಿ 150 ಮೆಗಾಹರ್ಟ್ಸಿನ ಅಲೆಗೆ, ಉದ್ದನೆಯದು 40ರ ಅಲೆಗೆ. ಆ ಅಲೆಯ ಅರ್ಧವೇ ಸುಮಾರು 3.75 ಮೀಟರ್ ಆಗುತ್ತದೆ. ಹೀಗೆ ಒಂದೇ ಆಂಟೆನಾದಲ್ಲಿ ಕರೋನಾದ ಹಲವು ಎತ್ತರಗಳು ಸಿಗುತ್ತವೆ. ಮೊದಲಿಗೆ ನೆಟ್ಟದ್ದು ಇಂಥ 192. ಒಂಟಿ ಆಂಟೆನಾಕ್ಕೆ ಸೂರ್ಯ ಎಲ್ಲಿದ್ದಾನೆ ಎಂದೂ ಸರಿಯಾಗಿ ಹೇಳಲಾಗದು. ಎಲ್ಲದರ ಸಂಕೇತಗಳನ್ನೂ ಕೇಬಲ್ಲಿನಲ್ಲಿ ಒಂದೆಡೆ ತಂದು, ಜೋಡಿ ಜೋಡಿಯಾಗಿ ತಾಳೆ ನೋಡಿದಾಗ ಚಿತ್ರ ಮೂಡುತ್ತದೆ.

ಇಲ್ಲಿ ಗೌರಿಬಿದನೂರಿನವರು ಹಿಡಿದ ಹಾದಿ ನನಗೆ ಬಹಳ ಮೆಚ್ಚುಗೆಯಾದದ್ದು. ಸ್ಫೋಟದ ಅಬ್ಬರದ ಹಿಂದೆ ಹೆಚ್ಚಿನವರು ಬಿದ್ದಿದ್ದರು. ಆ ಅಲೆಗಳು ಪ್ರಬಲ, ಹಿಡಿಯುವುದು ಸುಲಭ. ಇವರು ಕರೋನಾ ತನ್ನ ಶಾಖದಿಂದಲೇ ಹೊಮ್ಮಿಸುವ ಮಂದ ರೇಡಿಯೊ ಬೆಳಕನ್ನೂ ಅಳೆಯುತ್ತಾ ಕೂತರು. ಆ ಬೆಳಕಿನಿಂದ ಅಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ ಹಾಕಬಹುದು. 2000ದಲ್ಲಿ ರಮೇಶ್ ಮತ್ತು ಶಾಸ್ತ್ರಿ ಒಂದು ಪ್ರಬಂಧ ಪ್ರಕಟಿಸಿದರು: ಸಿಎಂಇ ಹೊರಟುಹೋದ ಮೇಲೆ ಹೊರ ಕರೋನಾದಲ್ಲಿ ಉಳಿದ ಕೊರತೆಯನ್ನು ರೇಡಿಯೊದಲ್ಲಿ ಕಂಡ ವಿವರ ಅದು. ಮೋಡವನ್ನು ಬೆನ್ನಟ್ಟುವ ಬದಲು, ಅದು ಎದ್ದುಹೋದ ಜಾಗದಲ್ಲಿ ಸೂರ್ಯ ಏನು ಕಳೆದುಕೊಂಡ ಎಂದು ಎಣಿಸಿದ್ದು. ಇದಕ್ಕೆ ತಾಳ್ಮೆ ಬೇಕು. ಹಿಂದಿನ ದಿನದ ಶಾಂತ ಸೂರ್ಯನ ಚಿತ್ರ ಕೈಯಲ್ಲಿ ಇಲ್ಲದಿದ್ದರೆ ಇವತ್ತಿನ ಕೊರತೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಏನೂ ನಡೆಯದ ದಿನವೂ ಸೂರ್ಯನನ್ನು ದಾಖಲಿಸಲೇಬೇಕು.

ಅದೇ ಮಂದ ಬೆಳಕಿನಿಂದ ಇನ್ನೂ ದೊಡ್ಡ ಗುಟ್ಟು ಹೊರಬಿತ್ತು. 2016ರ ಮೇ 1ರಂದು ಎದ್ದ ಒಂದು ಸಿಎಂಇಯ ಶಾಖದ ರೇಡಿಯೊ ಅಲೆ ಗೌರಿಬಿದನೂರಿನಲ್ಲಿ ಸಿಕ್ಕಿತು, ಅದರ ಧ್ರುವೀಕರಣವೂ ಸಿಕ್ಕಿತು. ಪ್ಲಾಸ್ಮಾದಲ್ಲಿ ಕಾಂತಕ್ಷೇತ್ರವಿದ್ದರೆ, ಬಲಕ್ಕೆ ಸುತ್ತುವ ಅಲೆಯೂ ಎಡಕ್ಕೆ ಸುತ್ತುವ ಅಲೆಯೂ ಸರಿಸಮನಾಗಿ ಹೊರಬರುವುದಿಲ್ಲ. ವ್ಯತ್ಯಾಸ ತೀರ ಸಣ್ಣದು. ಆದರೆ ಆ ವ್ಯತ್ಯಾಸವೇ ಕಾಂತಕ್ಷೇತ್ರದ ಬಲವನ್ನು ಹೇಳುತ್ತದೆ. ಸಿಎಂಇಯ ಕಾಂತಕ್ಷೇತ್ರವನ್ನು ಶಾಖದ ರೇಡಿಯೊ ಅಲೆಯಿಂದ ಅಳೆದದ್ದು ಅದೇ ಮೊದಲು. ರಮೇಶ್, ಕದಿರವನ್ ಮತ್ತು ಸಂಗಡಿಗರ ಆ ಪ್ರಬಂಧ 2021ರಲ್ಲಿ ಬಂತು.

ಕಾಂತಕ್ಷೇತ್ರಕ್ಕೆ ಯಾಕಿಷ್ಟು ಮಹತ್ವ? ಸೂರ್ಯನಿಂದ ಸೌರಮಾರುತ ಸದಾ ಬೀಸುತ್ತಲೇ ಇರುತ್ತದೆ, ಭೂಮಿಯ ಕಾಂತಕ್ಷೇತ್ರ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಸಿಎಂಇ ತಂದ ಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಮಾತ್ರ ಅದು ನಮ್ಮ ಕ್ಷೇತ್ರದೊಂದಿಗೆ ಬೆಸೆದುಕೊಂಡು ಒಳಗೆ ದಾರಿ ಮಾಡಿಕೊಳ್ಳುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಕತ್ತಲಾದದ್ದು ಹಾಗೆ. 2022ರ ಫೆಬ್ರುವರಿಯಲ್ಲಿ ಒಂದು ಸಾಧಾರಣ ಭೂಕಾಂತ ಬಿರುಗಾಳಿಗೆ ವಾತಾವರಣದ ಮೇಲ್ಪದರ ಉಬ್ಬಿ, ಆಗಷ್ಟೇ ಹಾರಿಬಿಟ್ಟಿದ್ದ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38ರಷ್ಟು ಉದುರಿಹೋದವು. 2024ರ ಮೇ 10–11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಖಭೌತ ಸಂಸ್ಥೆಯ ಕ್ಯಾಮೆರಾ ಆಕಾಶ ಕೆಂಪಗಾದದ್ದನ್ನು ಹಿಡಿಯಿತು. ಹಾಸನದಲ್ಲಿ ಕೂತು ಉಪಗ್ರಹಗಳನ್ನು ನಡೆಸುವವರಿಗೆ ಇದು ದೂರದ ಸುದ್ದಿಯಲ್ಲ.

ಈಗ ಬಿಂಬವನ್ನು ಮರೆಮಾಡಿ ಕರೋನಾ ನೋಡುವ ಕ್ಯಾಮೆರಾಕ್ಕೆ ಮರಳೋಣ. 2023ರ ಸೆಪ್ಟೆಂಬರ್ 2ರಂದು ಹೊರಟ ಭಾರತದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1ರಲ್ಲಿರುವ ಅಂಥ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ಹೊಸಕೋಟೆಯಲ್ಲಿ. ಅದರ ಹೊಣೆ ಹೊತ್ತವರು ಅದೇ ಆರ್. ರಮೇಶ್. ಇದರಲ್ಲೂ ಬಿಂಬಕ್ಕೆ ಮರೆ ಇದೆ, ಆದರೆ ಬಿಂಬಕ್ಕಿಂತ ಕೂದಲೆಳೆಯಷ್ಟೇ ದೊಡ್ಡದು. ಸೂರ್ಯನ ತ್ರಿಜ್ಯದ 1.05 ಪಟ್ಟು ದೂರದಿಂದಲೇ ಕರೋನಾ ಕಾಣುತ್ತದೆ. 2024ರ ಜುಲೈ 16ರಂದು ಸೂರ್ಯನ ಪಶ್ಚಿಮ ಅಂಚಿನಲ್ಲಿ ಎಕ್ಸ್-1.9 ದರ್ಜೆಯ ಸೌರಜ್ವಾಲೆಯೊಂದಿಗೆ ಸಿಎಂಇ ಎದ್ದಾಗ, ಕರೋನಾ ಹೊಮ್ಮಿಸುವ ಒಂದು ನಿರ್ದಿಷ್ಟ ಹಸಿರು ಬೆಳಕಿನಲ್ಲಿ ಅದು ಹೊರಟ ಗಳಿಗೆಯನ್ನು ವಿಇಎಲ್‌ಸಿ ಗುರುತಿಸಿಕೊಟ್ಟಿತು. ಹೊರಟ ಜಾಗದ ಬೆಳಕು ಸುಮಾರು ಅರ್ಧಕ್ಕೆ ಇಳಿದಿತ್ತು. ಗೌರಿಬಿದನೂರಿನ ಡೈಪೋಲ್‌ಗಳು ಹಿಂದೆ ರೇಡಿಯೊದಲ್ಲಿ ಓದಿದ ಬಗೆಯ ಕೊರತೆಯನ್ನೇ ಈ ಸಲ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಳೆಯಲಾಯಿತು.